ಮೂಳೆಯ ಮಜ್ಜೆ ಸೊರಗಿದಾಗ
ಮಕ್ಕಳ ಆನುವಂಶಿಕ ರಕ್ತರೋಗ ಮತ್ತು ಕಾಂಡಕೋಶ ಕಸಿ: ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಮಗುವಿನ ಮುಖ ಬಿಳಿಚಿಕೊಂಡಿದೆ, ಸ್ವಲ್ಪ ಓಡಿದರೂ ಏದುಸಿರು, ಮೊಣಕಾಲ ಕೆಳಗೆ ಅಲ್ಲಲ್ಲಿ ನೀಲಿಗಟ್ಟಿದ ಕಲೆಗಳು. ಇಂಥ ಮಗುವನ್ನು ಕಂಡಾಗ ನಮ್ಮ ಮನೆಗಳಲ್ಲಿ ಬರುವ ಮಾತುಗಳು ಎಲ್ಲರಿಗೂ ಗೊತ್ತು. 'ಊಟ ಸರಿಯಾಗಿ ಮಾಡಲ್ಲ' ಎನ್ನುತ್ತಾರೆ ಅಮ್ಮಿ. 'ನಝರ್ ಬಿದ್ದಿದೆ' ಎನ್ನುತ್ತಾರೆ ದಾದಿ. ಖರ್ಜೂರ, ಬೀಟ್‌ರೂಟ್, ಪಾಯಾ ಸಾರು, ಮೆಡಿಕಲ್ ಅಂಗಡಿಯ ಕಬ್ಬಿಣಾಂಶದ ಟಾನಿಕ್ ಒಂದಾದ ಮೇಲೊಂದು ಬರುತ್ತವೆ.

ಹೆಚ್ಚಿನ ಮಕ್ಕಳ ವಿಷಯದಲ್ಲಿ ಇದರಲ್ಲಿ ದೊಡ್ಡ ತಪ್ಪೇನಿಲ್ಲ. ನಮ್ಮಲ್ಲಿ ಮಕ್ಕಳ ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯೇ ಮುಖ್ಯ ಕಾರಣ. ಆದರೆ ಕೆಲವೇ ಕೆಲವು ಮಕ್ಕಳಲ್ಲಿ ತೊಂದರೆ ಇರುವುದು ಊಟದಲ್ಲಲ್ಲ, ರಕ್ತ ತಯಾರಾಗುವ ಜಾಗದಲ್ಲೇ. ಅಂಥ ಮಗುವಿಗೆ ಟಾನಿಕ್ ಕುಡಿಸುತ್ತಾ ವರ್ಷ ಕಳೆದರೆ ಚಿಕಿತ್ಸೆಯ ಒಳ್ಳೆಯ ಸಮಯ ಕೈತಪ್ಪಿ ಹೋಗುತ್ತದೆ. ಹಾರೋಹಳ್ಳಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದ ಓದುಗರು ಈ ರೋಗಗಳ ಬಗ್ಗೆ ತಿಳಿದಿರುವುದು ಒಳ್ಳೆಯದು. ಇದಕ್ಕೆ ಬೇಕಾದ ದೊಡ್ಡ ಆಸ್ಪತ್ರೆಗಳು ನಮಗೆ ದೂರವೇನಿಲ್ಲ, ಬೆಂಗಳೂರಿನಲ್ಲೇ ಇವೆ.

ಮಜ್ಜೆ ಎಂದರೇನು?

ಅಡುಗೆಮನೆಯಲ್ಲಿ ನಾವು 'ನಲ್ಲಿ' ಎಂದು ಕರೆಯುವ ಮೂಳೆಯನ್ನು ನೆನಪಿಸಿಕೊಳ್ಳಿ. ಅದರ ಒಳಗಿರುವ ಮೆತ್ತನೆಯ ಪದಾರ್ಥವೇ ಮಜ್ಜೆ. ಮನುಷ್ಯನ ಸೊಂಟ, ಎದೆ, ಬೆನ್ನುಮೂಳೆಗಳ ಒಳಗಿರುವ ಕೆಂಪು ಮಜ್ಜೆಯಲ್ಲಿ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇರುತ್ತವೆ. ಹೊಲಕ್ಕೆ ಬಿತ್ತನೆ ಬೀಜ ಹೇಗೋ ರಕ್ತಕ್ಕೆ ಇವು ಹಾಗೆ. ಉಸಿರಿನ ಆಮ್ಲಜನಕವನ್ನು ಹೊರುವ ಕೆಂಪುಕಣ, ರೋಗಾಣುಗಳೊಂದಿಗೆ ಹೋರಾಡುವ ಬಿಳಿಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೂರೂ ಇವುಗಳಿಂದಲೇ ಹುಟ್ಟುತ್ತವೆ.

ಹುಟ್ಟಿನಿಂದಲೇ ವಂಶವಾಹಿಯಲ್ಲಿ ದೋಷವಿದ್ದು ಈ ಬೀಜಕೋಶಗಳು ಕ್ರಮೇಣ ಸೋತುಹೋಗುವ ಸ್ಥಿತಿಯನ್ನು ಆನುವಂಶಿಕ ಅಸ್ಥಿಮಜ್ಜೆ ವೈಫಲ್ಯ ಎನ್ನುತ್ತಾರೆ. ಬೀಜವೇ ಸೊರಗಿದಾಗ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಪಾಯಾ ಸಾರು ಮಗುವಿಗೆ ಶಕ್ತಿ ಕೊಡಬಹುದು, ಆದರೆ ಕುರಿಯ ಮಜ್ಜೆ ತಿಂದರೆ ಮಗುವಿನ ಮಜ್ಜೆ ಬೆಳೆಯುವುದಿಲ್ಲ.

ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಫ್ಯಾಂಕೋನಿ ಅನೀಮಿಯಾ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೈಡೊ ಫ್ಯಾಂಕೋನಿ 1927ರಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಇದನ್ನು ಗುರುತಿಸಿದರು. ಈ ಮಕ್ಕಳ ಜೀವಕೋಶಗಳಿಗೆ ತಮ್ಮ ಡಿಎನ್‌ಎಗೆ ಆಗುವ ಒಂದು ಬಗೆಯ ಹಾನಿಯನ್ನು ರಿಪೇರಿ ಮಾಡಿಕೊಳ್ಳಲು ಬರುವುದಿಲ್ಲ. ಡೈಮಂಡ್-ಬ್ಲ್ಯಾಕ್‌ಫ್ಯಾನ್ ಅನೀಮಿಯಾದಲ್ಲಿ ಹಸುಗೂಸಿಗೇ ಕೆಂಪುಕಣ ಸಾಲದಾಗುತ್ತದೆ. ಡಿಸ್ಕೆರಟೋಸಿಸ್ ಕಂಜೆನಿಟಾ ಎಂಬುದರಲ್ಲಿ ಉಗುರು ಹಾಳಾಗುವುದು, ಚರ್ಮದಲ್ಲಿ ಬಲೆಯಂಥ ಕಪ್ಪು, ಬಾಯಿಯೊಳಗೆ ಬಿಳಿ ಮಚ್ಚೆ ಕಾಣುತ್ತವೆ. ಶ್ವಾಕ್‌ಮನ್-ಡೈಮಂಡ್ ಎಂಬುದರಲ್ಲಿ ಬಿಳಿಕಣದ ಕೊರತೆಯ ಜೊತೆಗೆ ಮೇದೋಜೀರಕ ಗ್ರಂಥಿಯೂ ದುರ್ಬಲವಾಗಿ, ಜಿಡ್ಡಿನ ಭೇದಿ ಆಗುತ್ತದೆ.

ಯಾವಾಗ ಅನುಮಾನಿಸಬೇಕು?

ಮೊದಲು ಬೇಕಾಗಿರುವುದು ಸಾಮಾನ್ಯ ರಕ್ತ ಪರೀಕ್ಷೆ, ಸಿಬಿಸಿ. ಯಾವ ತಾಲ್ಲೂಕು ಕೇಂದ್ರದಲ್ಲೂ ಇದು ಸಿಗುತ್ತದೆ. ವರದಿಯಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಮಡಚಿಡಬೇಡಿ. ಬಿಳಿಕಣ ಮತ್ತು ಪ್ಲೇಟ್‌ಲೆಟ್ ಎಷ್ಟಿದೆ ಎಂದೂ ವೈದ್ಯರಲ್ಲಿ ಕೇಳಿ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಮೂರರಲ್ಲಿ ಎರಡು ಕಡಿಮೆ ಇದ್ದರೆ, ಅದೂ ಮತ್ತೆ ಮತ್ತೆ ಕಡಿಮೆ ಬಂದರೆ, ಟಾನಿಕ್ ನಿಲ್ಲಿಸಿ ರಕ್ತರೋಗ ತಜ್ಞರನ್ನು ಕಾಣಬೇಕು. ಮಳೆಗಾಲದಲ್ಲಿ ಡೆಂಗಿ ಬಂದಾಗಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಆದರೆ ಜ್ವರ ಬಿಟ್ಟ ಮೇಲೆ ಅದು ಏರಬೇಕು. ವಾರಗಳು ಕಳೆದರೂ ಏರದಿದ್ದರೆ ಅದು ಬರೀ ಡೆಂಗಿ ಅಲ್ಲ.

ಫ್ಯಾಂಕೋನಿ ಇರುವ ಮಕ್ಕಳಲ್ಲಿ ಹಲವರು ಕುಳ್ಳಗಿರುತ್ತಾರೆ. ಹೆಬ್ಬೆರಳು ಇಲ್ಲದಿರುವುದು, ಚಿಕ್ಕದಾಗಿರುವುದು ಅಥವಾ ಎರಡಿರುವುದು, ಮೈಮೇಲೆ ಚಹಾ ಬಣ್ಣದ ಮಚ್ಚೆಗಳು, ಸಣ್ಣ ಕಣ್ಣು, ಮೂತ್ರಪಿಂಡದ ರಚನೆಯಲ್ಲಿ ದೋಷ ಇರಬಹುದು. ಆದರೆ ಸುಮಾರು ಮೂರು-ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಹೊರಗೆ ಕಾಣುವ ಯಾವ ಗುರುತೂ ಇರುವುದಿಲ್ಲ. ರಕ್ತದ ತೊಂದರೆ ಹೆಚ್ಚಾಗಿ 5ರಿಂದ 10 ವರ್ಷದೊಳಗೆ ಶುರುವಾಗುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಖತ್ನಾ ಮಾಡಿದ ಮೇಲೆ ಅಥವಾ ಹೆಣ್ಣುಮಗುವಿನ ಕಿವಿ ಚುಚ್ಚಿಸಿದ ಮೇಲೆ ರಕ್ತ ಬೇಗ ನಿಲ್ಲದಿದ್ದರೆ 'ಸೂಕ್ಷ್ಮ ಮೈ' ಎಂದು ಸುಮ್ಮನಾಗಬಾರದು. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಏಳುವ, ಮೂಗು-ವಸಡಿನಿಂದ ರಕ್ತ ಬರುವ ಮಗುವಿಗೆ ಖತ್ನಾಕ್ಕಿಂತ ಮೊದಲೇ ಪ್ಲೇಟ್‌ಲೆಟ್ ನೋಡಿಸಿ.

ಖಚಿತಪಡಿಸಲು ವಿಶೇಷ ಪರೀಕ್ಷೆ ಇದೆ. ಮಗುವಿನ ರಕ್ತಕಣಗಳಿಗೆ ಪ್ರಯೋಗಾಲಯದಲ್ಲಿ ಒಂದು ರಾಸಾಯನಿಕ ಸೇರಿಸಿ, ವರ್ಣತಂತುಗಳು ಎಷ್ಟು ಮುರಿಯುತ್ತವೆ ಎಂದು ಎಣಿಸುತ್ತಾರೆ. ಆಮೇಲೆ ಯಾವ ವಂಶವಾಹಿಯಲ್ಲಿ ದೋಷ ಎಂಬುದನ್ನು ಹುಡುಕುತ್ತಾರೆ. ಫ್ಯಾಂಕೋನಿಗೆ ಕಾರಣವಾಗುವ ವಂಶವಾಹಿಗಳು 20ಕ್ಕೂ ಹೆಚ್ಚಿವೆ. ಮುಂಬೈನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಈ ರೋಗದ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ.

ಈ ಪರೀಕ್ಷೆ ಯಾಕಿಷ್ಟು ಮುಖ್ಯ? ಆನುವಂಶಿಕವಲ್ಲದ ಅಪ್ಲಾಸ್ಟಿಕ್ ಅನೀಮಿಯಾ ಕೂಡ ನೋಡಲು ಹೀಗೆಯೇ ಇರುತ್ತದೆ. ಅದಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುತ್ತಾರೆ. ಫ್ಯಾಂಕೋನಿಗೆ ಆ ಔಷಧ ಕೆಲಸ ಮಾಡುವುದಿಲ್ಲ. ಮಾತ್ರವಲ್ಲ, ಕಸಿಗೆ ಮುಂಚೆ ಬೇರೆ ಮಕ್ಕಳಿಗೆ ಕೊಡುವ ಪ್ರಮಾಣದ ಕೀಮೋ ಔಷಧ ಈ ಮಕ್ಕಳ ಪ್ರಾಣಕ್ಕೇ ಕುತ್ತು ತರಬಹುದು. ರೋಗದ ಹೆಸರು ಸರಿಯಾಗಿ ಗೊತ್ತಾದ ಮೇಲೆಯೇ ಚಿಕಿತ್ಸೆಯ ದಾರಿ ಹಿಡಿಯಬೇಕು.

ಸೋದರ ಸಂಬಂಧದ ಪ್ರಶ್ನೆ

ಈ ರೋಗಗಳಲ್ಲಿ ಹಲವು, ಮುಖ್ಯವಾಗಿ ಫ್ಯಾಂಕೋನಿಯ ಬಹುಪಾಲು, ತಂದೆ-ತಾಯಿ ಇಬ್ಬರಿಂದಲೂ ದೋಷದ ಒಂದೊಂದು ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದೇ ಪ್ರತಿ ಇರುವವರು ವಾಹಕರು. ಅವರಿಗೆ ಈ ರಕ್ತರೋಗ ಬರುವುದಿಲ್ಲ, ತಮ್ಮಲ್ಲಿ ಅದು ಇರುವುದೂ ಗೊತ್ತಿರುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ 'ಸೊಸೆಯ ಕಡೆಯಿಂದ ಬಂದ ರೋಗ' ಎಂದು ತಾಯಿಯನ್ನು ದೂರುವುದು ಅನ್ಯಾಯ ಮಾತ್ರವಲ್ಲ, ಸುಳ್ಳು ಕೂಡ. ಇಬ್ಬರ ಪಾಲೂ ಸಮ.

ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರೂ ಒಂದೇ ದೋಷದ ವಾಹಕರಾಗಿರುವ ಸಾಧ್ಯತೆ ಹೆಚ್ಚು. ಚಾಚಾ-ಮಾಮುವಿನ ಮಕ್ಕಳ ನಡುವೆ ಎಂಟರಲ್ಲಿ ಒಂದು ಭಾಗ ವಂಶವಾಹಿ ಸಮಾನವಾಗಿರುತ್ತದೆ. ಇದು ಮುಸ್ಲಿಮರ ಮಾತು ಮಾತ್ರವಲ್ಲ. ಹಳೇ ಮೈಸೂರು ಭಾಗದ ಹಲವು ಸಮುದಾಯಗಳಲ್ಲೂ ಸೋದರಿಕೆ ಮದುವೆ ರೂಢಿಯಲ್ಲಿದೆ. 1980ರ ದಶಕದಲ್ಲಿ ಬೆಂಗಳೂರು-ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆ ನಡೆಸಿದ ಸಂಶೋಧಕರು, ಸುಮಾರು ಮೂರನೇ ಒಂದರಷ್ಟು ಶಿಶುಗಳು ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದವು ಎಂದು ದಾಖಲಿಸಿದ್ದರು. ಇತರ ಸಮುದಾಯಗಳಲ್ಲಿ ನಡೆಯುವ ಸೋದರಮಾವ-ಸೊಸೆಯ ಮದುವೆ ನಮ್ಮಲ್ಲಿ ನಿಷಿದ್ಧ. ಸೋದರ ಸಂಬಂಧಿಗಳ ನಿಕಾಹ್‌ಗೆ ಅನುಮತಿ ಇದೆ, ಆದರೆ ಅದು ಕಡ್ಡಾಯವಲ್ಲ.

ಹೆದರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಎರಡು-ಮೂರಕ್ಕೆ ಹುಟ್ಟಿನ ದೋಷ ಇರುತ್ತದೆ. ಸೋದರ ಸಂಬಂಧದ ಮದುವೆಯಲ್ಲಿ ಅದು ಐದಾರರಷ್ಟಾಗುತ್ತದೆ. ಅಂದರೆ ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಕುಟುಂಬದಲ್ಲಿ ಈಗಾಗಲೇ ಒಂದು ಮಗುವಿಗೆ ಇಂಥ ರೋಗ ಇದ್ದರೆ, ಅದೇ ಕುಟುಂಬದೊಳಗೆ ಇನ್ನೊಂದು ಸಂಬಂಧ ಕುದುರಿಸುವ ಮುನ್ನ ಹುಡುಗ-ಹುಡುಗಿ ಇಬ್ಬರಿಗೂ ವಾಹಕ ಪರೀಕ್ಷೆ ಮಾಡಿಸುವುದು ಹಿರಿಯರ ಜವಾಬ್ದಾರಿ. ಸೌದಿ ಅರೇಬಿಯಾದಲ್ಲಿ 2004ರಿಂದ ಮದುವೆಗೆ ಮುಂಚೆ ಥಲಸೇಮಿಯಾ ಮತ್ತು ಸಿಕಲ್ ಸೆಲ್ ರಕ್ತಪರೀಕ್ಷೆ ಕಡ್ಡಾಯ.

ಕಸಿ ಹೇಗೆ ನಡೆಯುತ್ತದೆ?

ಮಜ್ಜೆಯ ವೈಫಲ್ಯವನ್ನು ಗುಣಪಡಿಸಲು ಇಂದು ಇರುವ ಸ್ಥಿರವಾದ ದಾರಿ ಕಾಂಡಕೋಶ ಕಸಿ. ಮಾತ್ರೆಗಳಿಂದ, ರಕ್ತ ಕೊಡುವುದರಿಂದ ಕಾಲ ತಳ್ಳಬಹುದು, ಹೊಸ ಬೀಜ ಬಿತ್ತಿದಂತೆ ಆಗುವುದಿಲ್ಲ. ಡೈಮಂಡ್-ಬ್ಲ್ಯಾಕ್‌ಫ್ಯಾನ್ ಇರುವ ಕೆಲವು ಮಕ್ಕಳು ಸ್ಟಿರಾಯ್ಡ್ ಔಷಧದಲ್ಲೇ ಚೆನ್ನಾಗಿರುತ್ತಾರೆ. ಎಲ್ಲರಿಗೂ ಕಸಿ ಬೇಕಾಗುವುದಿಲ್ಲ.

ಮೊದಲ ಹೆಜ್ಜೆ ದಾನಿಯ ಹುಡುಕಾಟ. ಎಚ್‌ಎಲ್‌ಎ ಎಂಬ ಗುರುತು ಮಗುವಿಗೂ ದಾನಿಗೂ ಹೊಂದಬೇಕು. ಇದು ಎ, ಬಿ, ಓ ರಕ್ತದ ಗುಂಪಿಗಿಂತ ಬೇರೆ. ಒಬ್ಬ ಒಡಹುಟ್ಟಿದವರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧದ ಮದುವೆಗಳಿರುವ ದೊಡ್ಡ ಕುಟುಂಬಗಳಲ್ಲಿ ಕೆಲವೊಮ್ಮೆ ಚಿಕ್ಕಪ್ಪ, ದೊಡ್ಡಮ್ಮನ ಮಕ್ಕಳದೂ ಹೊಂದುವುದುಂಟು. ಆದ್ದರಿಂದ ವೈದ್ಯರು ಹೇಳಿದರೆ ಅವರನ್ನೂ ಪರೀಕ್ಷಿಸಬೇಕು. ಆದರೆ ದಾನಿಯಾಗುವ ಅಣ್ಣ-ತಂಗಿಗೆ ಅದೇ ರೋಗ ಒಳಗೊಳಗೇ ಇಲ್ಲವೆಂದು ಮೊದಲು ಖಚಿತವಾಗಬೇಕು. ಹೊರಗೆ ಆರೋಗ್ಯವಾಗಿ ಕಾಣುವ ಮಗುವಿನಲ್ಲೂ ಅದು ಇರಬಹುದು. ಬರೀ ವಾಹಕರಾಗಿದ್ದರೆ ಸಾಮಾನ್ಯವಾಗಿ ದಾನ ಮಾಡಬಹುದು.

ಕುಟುಂಬದಲ್ಲಿ ಯಾರದೂ ಹೊಂದದಿದ್ದರೆ ದಾನಿಗಳ ನೋಂದಣಿ ಪಟ್ಟಿಯಲ್ಲಿ ಹುಡುಕುತ್ತಾರೆ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್, ಚೆನ್ನೈನ ದಾತ್ರಿ ಇಂಥ ಪಟ್ಟಿಗಳನ್ನು ನಡೆಸುತ್ತವೆ. ತಂದೆ ಅಥವಾ ತಾಯಿಯಿಂದ 'ಅರ್ಧ ಹೊಂದಾಣಿಕೆ'ಯ ಕಸಿಯೂ ಈಗ ನಡೆಯುತ್ತಿದೆ. ಅದರಲ್ಲಿ ಅಪಾಯ ಹೆಚ್ಚು, ಅನುಭವಿ ಕೇಂದ್ರಗಳಲ್ಲೇ ಮಾಡಿಸಬೇಕು.

ಎರಡನೇ ಹೆಜ್ಜೆ, ಮಗುವಿನ ಸೊರಗಿದ ಮಜ್ಜೆಯನ್ನು ಔಷಧದಿಂದ ಖಾಲಿ ಮಾಡುವುದು. ಫ್ಯಾಂಕೋನಿ ಮಕ್ಕಳಿಗೆ ಬಹಳ ಕಡಿಮೆ ಪ್ರಮಾಣ ಸಾಕು ಎಂದು 1980ರ ದಶಕದಲ್ಲಿ ಪ್ಯಾರಿಸ್‌ನ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಮೇಲೆ ಈ ಮಕ್ಕಳು ಬದುಕುಳಿಯುವುದು ಹೆಚ್ಚಾಯಿತು. 1988ರಲ್ಲಿ ಅವರೇ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ಅಮೆರಿಕದಿಂದ ಬಂದ ಫ್ಯಾಂಕೋನಿ ರೋಗದ ಬಾಲಕನಿಗೆ ಅವನ ನವಜಾತ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕಸಿ ಮಾಡಿದರು. ಜಗತ್ತಿನ ಮೊದಲ ಹೊಕ್ಕುಳಬಳ್ಳಿ ರಕ್ತದ ಕಸಿ ಅದೇ.

ಮೂರನೇ ಹೆಜ್ಜೆ ಕಸಿ. ಹೆಸರು ಕೇಳಿದರೆ ದೊಡ್ಡ ಆಪರೇಷನ್ ಅನ್ನಿಸುತ್ತದೆ. ಆದರೆ ಮಗುವಿಗೆ ಕೊಯ್ಯುವುದೇನೂ ಇಲ್ಲ. ರಕ್ತ ಕೊಡುವ ಹಾಗೆಯೇ ನಳಿಕೆಯ ಮೂಲಕ ಕಾಂಡಕೋಶಗಳನ್ನು ಹರಿಸುತ್ತಾರೆ. ಅವು ತಾವಾಗಿ ಮೂಳೆಯೊಳಗೆ ಸೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಚಿಗುರುತ್ತವೆ. ಆ ಅವಧಿಯಲ್ಲಿ ಮಗುವಿಗೆ ರೋಗನಿರೋಧಕ ಶಕ್ತಿ ಇರುವುದಿಲ್ಲ. ಆಮೇಲೆ ಹೊಸ ಕೋಶಗಳು ಮಗುವಿನ ಚರ್ಮ, ಕರುಳು, ಯಕೃತ್ತಿನ ಮೇಲೆಯೇ ದಾಳಿ ಮಾಡುವ ತೊಂದರೆಯೂ ಬರಬಹುದು. ಅದನ್ನು ತಡೆಯುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಹೊತ್ತಿಗೆ ಸರಿಯಾಗಿ ನುಂಗಬೇಕು. ಹೊಂದುವ ಒಡಹುಟ್ಟಿದವರಿಂದ, ರೋಗ ಬಲಿಯುವ ಮುನ್ನ ಕಸಿ ಆದ ಮಕ್ಕಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಬದುಕುಳಿಯುವುದನ್ನು ಅನುಭವಿ ಕೇಂದ್ರಗಳು ವರದಿ ಮಾಡಿವೆ. ರೋಗ ರಕ್ತದ ಕ್ಯಾನ್ಸರಿಗೆ ತಿರುಗಿದ ಮೇಲೆ ದಾರಿ ಬಹಳ ಕಠಿಣ.

ದಾನಿಗೆ ಏನಾಗುತ್ತದೆ?

'ತಂಗಿಯ ಮಜ್ಜೆ ತೆಗೆದರೆ ಅವಳು ಅಶಕ್ತಳಾಗುತ್ತಾಳೆ, ನಾಳೆ ಮದುವೆ, ಮಕ್ಕಳಾಗುವುದಕ್ಕೆ ತೊಂದರೆ' ಎಂಬ ಭಯ ಹಲವು ಮನೆಗಳಲ್ಲಿದೆ. ಇದಕ್ಕೆ ಆಧಾರವಿಲ್ಲ. ದಾನಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯ ಹಿಂಭಾಗದಿಂದ ಸೂಜಿಯಲ್ಲಿ ಮಜ್ಜೆ ತೆಗೆಯುತ್ತಾರೆ. ಬೆನ್ನುಹುರಿಯನ್ನು ಮುಟ್ಟುವುದಿಲ್ಲ. ಕೆಲವು ದಿನ ಸೊಂಟ ನೋವು, ಸುಸ್ತು ಇರುತ್ತದೆ. ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಧರ್ಮದ ದೃಷ್ಟಿಯಿಂದ ಇದು ಸರಿಯೇ ಎಂದೂ ಕೇಳುವವರಿದ್ದಾರೆ. 1988ರ ಫೆಬ್ರವರಿಯಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ರಕ್ತ ಮತ್ತು ಚರ್ಮದಂತೆ ತಾನಾಗಿ ಮತ್ತೆ ಬೆಳೆಯುವಂಥದ್ದನ್ನು ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡಲು ಅನುಮತಿ ಇದೆ ಎಂದು ಷರತ್ತುಗಳೊಂದಿಗೆ ತೀರ್ಮಾನಿಸಿದೆ. ದಾನಿ ಪ್ರಾಯಕ್ಕೆ ಬಂದವರು, ವಿವೇಕವುಳ್ಳವರು ಆಗಿರಬೇಕು ಎಂಬುದು ಆ ಷರತ್ತುಗಳಲ್ಲೊಂದು. ದಾನಿ ಚಿಕ್ಕ ಮಗುವಾಗಿದ್ದರೆ ಪ್ರಶ್ನೆಯನ್ನು ವೈದ್ಯರ ವಿವರಣೆಯ ಜೊತೆಗೆ ನೀವು ನಂಬುವ ಆಲಿಮರ ಮುಂದಿಡಿ. ಅರ್ಧ ಮಾಹಿತಿಗೆ ಉತ್ತರ ಕೇಳಬೇಡಿ.

18ರಿಂದ 55 ವರ್ಷದೊಳಗಿನ ಆರೋಗ್ಯವಂತರು ಡಿಕೆಎಂಎಸ್ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. ಎಚ್‌ಎಲ್‌ಎ ಗುರುತು ವಂಶದಿಂದ ಬರುವಂಥದ್ದು. ಆದ್ದರಿಂದ ನಮ್ಮ ಸಮುದಾಯದ ಮಗುವಿಗೆ ಹೊಂದುವ ದಾನಿ ನಮ್ಮ ನಡುವೆಯೇ ಸಿಗುವ ಸಾಧ್ಯತೆ ಹೆಚ್ಚು. ಮಸೀದಿ ಕಮಿಟಿಗಳು ರಕ್ತದಾನ ಶಿಬಿರದ ಜೊತೆಗೆ ಇದನ್ನೂ ಏರ್ಪಡಿಸಬಹುದು.

ಕಸಿಗೆ ಮುಂಚೆ ಮಾಡಬಾರದ್ದು

ಮಗುವಿಗೆ ರಕ್ತ ಬೇಕೆಂದಾಗ ಅಬ್ಬಾ, ಮಾಮು, ಅಣ್ಣ ಎಲ್ಲರೂ ತೋಳು ಮಡಚಿ ನಿಲ್ಲುತ್ತಾರೆ. ಪ್ರೀತಿ ದೊಡ್ಡದು, ಆದರೆ ಈ ರೋಗದಲ್ಲಿ ಹತ್ತಿರದ ಸಂಬಂಧಿಗಳ ರಕ್ತವನ್ನು ಮಗುವಿಗೆ ಕೊಡಬಾರದು. ಮಗುವಿನ ದೇಹ ಆ ರಕ್ತದ ವಿರುದ್ಧ ಸಿದ್ಧವಾಗಿಬಿಟ್ಟರೆ, ನಾಳೆ ಅದೇ ಸಂಬಂಧಿಯ ಮಜ್ಜೆಯನ್ನು ತಿರಸ್ಕರಿಸಬಹುದು. ನೀವು ಕೊಟ್ಟ ರಕ್ತ ಬ್ಲಡ್ ಬ್ಯಾಂಕಿಗೆ ಸೇರಿ ಬೇರೆಯವರಿಗೆ ಹೋಗಲಿ. ಬಿಳಿಕಣ ಸೋಸಿದ, ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಮಗುವಿಗೆ ಕೇಳಿ. ರಕ್ತ ಕೊಟ್ಟಷ್ಟೂ ಕಸಿಯ ಯಶಸ್ಸು ಕಡಿಮೆಯಾಗುವುದರಿಂದ, ಪ್ರತಿ ತಿಂಗಳು ರಕ್ತ ಏರಿಸಿಕೊಂಡು ವರ್ಷಗಟ್ಟಲೆ ಮುಂದೂಡಬೇಡಿ.

ರೇಷ್ಮೆ ನಮ್ಮ ಭಾಗದ ಬದುಕು. ಹುಳು ಸಾಕುವ ಮನೆಗಳನ್ನು ಶುಚಿ ಮಾಡಲು ಫಾರ್ಮಲಿನ್ ಸಿಂಪಡಿಸುವುದುಂಟು. ಫ್ಯಾಂಕೋನಿ ಮಕ್ಕಳ ಜೀವಕೋಶಗಳಿಗೆ ಇಂಥ ರಾಸಾಯನಿಕ ತಡೆದುಕೊಳ್ಳುವ ಶಕ್ತಿ ಇಲ್ಲ. ಸಿಂಪಡಿಸುವಾಗ ಮತ್ತು ಅದರ ಘಾಟು ಆರುವವರೆಗೆ ಅವರನ್ನು ಅಲ್ಲಿಗೆ ಬಿಡಬೇಡಿ. ಬೀಡಿ-ಸಿಗರೇಟಿನ ಹೊಗೆ, ಪೆಟ್ರೋಲ್ ಹಾಗೂ ಪೇಂಟಿನ ಆವಿಯಿಂದಲೂ ದೂರವಿಡಿ.

ಎಲ್ಲ ಕಾಯಿಲೆಗೂ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂದು ಜಾಹೀರಾತು ಕೊಡುವವರನ್ನು ನಂಬಬೇಡಿ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಹಣ ಕೊಟ್ಟು ಕಾಪಿಟ್ಟರೂ ಅದೇ ಮಗುವಿನ ಆನುವಂಶಿಕ ರೋಗಕ್ಕೆ ಅದು ಉಪಯೋಗವಿಲ್ಲ. ಅದರಲ್ಲೂ ಅದೇ ದೋಷ ಇರುತ್ತದೆ.

ಕಸಿಯ ನಂತರ ಮನೆಯ ಶುಚಿತ್ವ

ಮಗು ಮನೆಗೆ ಬಂದ ಮೇಲಿನ ಆರು ತಿಂಗಳಿಂದ ಒಂದು ವರ್ಷ ಇಡೀ ಮನೆಯ ಪರೀಕ್ಷೆಯ ಕಾಲ.

ಮಗುವನ್ನು ಮುಟ್ಟುವ ಮುನ್ನ ಪ್ರತಿಯೊಬ್ಬರೂ ಸೋಪು ಹಚ್ಚಿ ಕೈ ತೊಳೆಯಬೇಕು. ಕುಡಿಯುವ ನೀರು ಯಾವುದಾದರೂ, ಝಮ್‌ಝಮ್ ಆದರೂ, ಕುದಿಸಿ ಆರಿಸಿಯೇ ಕೊಡಿ. ಆಗ ತಾನೆ ಬೇಯಿಸಿದ ಊಟ ಸಾಕು. ಹಸಿ ಸಲಾಡ್, ಹೊರಗಿನ ತಿಂಡಿ, ಮದುವೆ ಮನೆಯ ಬಿರಿಯಾನಿ, ಉರೂಸಿನ ತಬರ್ರುಕ್ ಸದ್ಯಕ್ಕೆ ಬೇಡ. ಕೋಳಿ, ಪಾರಿವಾಳ, ಬೆಕ್ಕುಗಳನ್ನು ದೂರವಿಡಿ. ಕೋಣೆಯಲ್ಲಿ ಹೂವು, ಲೋಬಾನದ ಹೊಗೆ ಬೇಡ. ನೋಡಲು ಬರುವ ಬಂಧುಗಳಿಗೆ ಬಾಗಿಲಲ್ಲೇ ಸಲಾಮ್ ಹೇಳಿ ಕಳುಹಿಸುವುದು ಅಗೌರವವಲ್ಲ. ಈದ್ ದಿನದ ಆಲಿಂಗನ ಮುಂದಿನ ವರ್ಷಕ್ಕಿರಲಿ.

ಎದೆಗೆ ಹಾಕಿದ ನಳಿಕೆ ಇರುವವರೆಗೆ ಆ ಜಾಗ ಒದ್ದೆಯಾಗಬಾರದು. ಸ್ನಾನ, ವುಝೂ ಹೇಗೆ ಎಂದು ನರ್ಸಿಂದ ಕಲಿಯಿರಿ. ಮಣ್ಣು-ಧೂಳಿನಲ್ಲಿ ಶಿಲೀಂಧ್ರದ ಬೀಜಗಳಿರುತ್ತವೆ, ಈ ಮಕ್ಕಳ ಶ್ವಾಸಕೋಶಕ್ಕೆ ಅವು ಬಹಳ ಅಪಾಯ. ಆದ್ದರಿಂದ ಮಣ್ಣಿನ ತಯಮ್ಮುಮ್ ಬಗ್ಗೆಯೂ ಆಲಿಮರಲ್ಲಿ ಮೊದಲೇ ವಿಚಾರಿಸಿ. ಮಾತ್ರೆಗಳನ್ನು ಹೊತ್ತು ತಪ್ಪದೆ ನುಂಗಬೇಕಿರುವುದರಿಂದ ದೊಡ್ಡ ಮಕ್ಕಳು ವೈದ್ಯರ ಒಪ್ಪಿಗೆ ಇಲ್ಲದೆ ಉಪವಾಸ ಹಿಡಿಯಬಾರದು. ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂಬುದನ್ನು ಅವರಿಗೆ ನೆನಪಿಸಿ. ಜ್ವರ ಬಂದರೆ ಮನೆಯಲ್ಲಿ ಮಾತ್ರೆ ಕೊಟ್ಟು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಹಿಂದೆ ಹಾಕಿಸಿದ ಲಸಿಕೆಗಳ ಶಕ್ತಿ ಹೋಗಿರುವುದರಿಂದ ವೈದ್ಯರು ಹೇಳಿದ ಕ್ರಮದಲ್ಲಿ ಮತ್ತೆ ಹಾಕಿಸಬೇಕು.

ಕಸಿ ಮಜ್ಜೆಯನ್ನು ಸರಿಪಡಿಸುತ್ತದೆ, ಇಡೀ ದೇಹವನ್ನಲ್ಲ. ಫ್ಯಾಂಕೋನಿ ಇರುವವರಿಗೆ ಮುಂದೆ ಬಾಯಿ, ಗಂಟಲಿನ ಕ್ಯಾನ್ಸರ್ ಬರುವ ಅಪಾಯ ಇದ್ದೇ ಇರುತ್ತದೆ. ಗುಟ್ಕಾ, ತಂಬಾಕು, ಜರ್ದಾ ಪಾನ್ ಜೀವನಪೂರ್ತಿ ಬೇಡ. ಬಾಯಿಯ ತಪಾಸಣೆ ನಿಯಮಿತವಾಗಿ ಆಗಬೇಕು. ಎಚ್‌ಪಿವಿ ಲಸಿಕೆಯ ಬಗ್ಗೆ ಹೆಣ್ಣು-ಗಂಡು ಎರಡೂ ಮಕ್ಕಳಿಗಾಗಿ ವೈದ್ಯರಲ್ಲಿ ಕೇಳಿ.

ಎಲ್ಲಿಗೆ ಹೋಗಬೇಕು, ಹಣ ಎಲ್ಲಿಂದ?

ಮೊದಲ ತಪಾಸಣೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಅಥವಾ ಹಾರೋಹಳ್ಳಿ ಬಳಿಯ ದೇವರಕಗ್ಗಲಹಳ್ಳಿಯಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗ ಸಾಕು. ಮುಂದಿನ ಹೆಜ್ಜೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಮತ್ತು ನಿಮ್ಹಾನ್ಸ್ ಪಕ್ಕದಲ್ಲೇ ಇರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸೇರಿದಂತೆ ನಗರದ ಹಲವು ಆಸ್ಪತ್ರೆಗಳಲ್ಲಿ ಮಕ್ಕಳ ಕಸಿ ನಡೆಯುತ್ತದೆ. ವೆಲ್ಲೂರಿನ ಸಿಎಂಸಿ 1986ರಿಂದ ಈ ಕೆಲಸ ಮಾಡುತ್ತಾ ಬಂದಿದೆ.

ಖಾಸಗಿಯಲ್ಲಿ ಖರ್ಚು ಸಾಮಾನ್ಯವಾಗಿ 10 ಲಕ್ಷ ರೂಪಾಯಿ ದಾಟುತ್ತದೆ, ಅರ್ಧ ಹೊಂದಾಣಿಕೆಯ ಕಸಿಗೆ ಇನ್ನೂ ಹೆಚ್ಚು. ಆದರೆ ಮನೆ, ಒಡವೆ ಮಾರುವ ಮುನ್ನ ಒಂದು ವಿಷಯ ತಿಳಿದಿರಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ಒಮ್ಮೆ ಮಾಡುವ ಕಸಿಯಿಂದ ಗುಣವಾಗುವ ರೋಗಗಳ ಸಾಲಿನಲ್ಲಿ ಫ್ಯಾಂಕೋನಿ ಅನೀಮಿಯಾ ಹೆಸರಿದೆ. ಈ ನೀತಿಯಡಿ 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಅರ್ಜಿ ಹೋಗಬೇಕಾದ್ದು ನಿಗದಿತ ಕೇಂದ್ರಗಳ ಮೂಲಕ. ಕರ್ನಾಟಕಕ್ಕೆ ಅದು ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಗೂಡಿ ನಡೆಸುವ ಕೇಂದ್ರ. ಹಣ ನೇರವಾಗಿ ಚಿಕಿತ್ಸೆಗೆ ಸೇರುತ್ತದೆ, ಕೈಗೆ ಬರುವುದಿಲ್ಲ. ಥಲಸೇಮಿಯಾ ಮತ್ತು ಅಪ್ಲಾಸ್ಟಿಕ್ ಅನೀಮಿಯಾದ ಮಕ್ಕಳಿಗೆ ಕೋಲ್ ಇಂಡಿಯಾ ಕಂಪನಿಯ ಯೋಜನೆಯಿಂದ ಕಸಿಗೆ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಭೇಟಿಯಾಗಿ. ಪಡಿತರ ಚೀಟಿ, ಆಧಾರ್, ಆದಾಯ ಪ್ರಮಾಣಪತ್ರ, ಹಳೆಯ ಎಲ್ಲ ರಕ್ತ ವರದಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.

ಸರ್ಕಾರದ ನೆರವು ಎಲ್ಲವನ್ನೂ ತುಂಬುವುದಿಲ್ಲ. ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ, ರೀಲಿಂಗ್ ಅಥವಾ ಬೊಂಬೆ ಕೆಲಸ ಬಿಟ್ಟು ಕೂತ ತಂದೆಯ ಕೂಲಿ, ಮನೆಯಲ್ಲಿ ಉಳಿದ ಮಕ್ಕಳ ಊಟ, ಇವೆಲ್ಲ ಯಾವ ಯೋಜನೆಯಲ್ಲೂ ಬರುವುದಿಲ್ಲ. ಅರ್ಹ ಕುಟುಂಬಗಳಿಗೆ ಝಕಾತ್, ಸದಕಾ, ಜಮಾಅತಿನ ಬೈತುಲ್ ಮಾಲ್ ನೆರವಾಗಬೇಕಾದ್ದು ಇಲ್ಲಿಯೇ. ನಿಮ್ಮ ಮೊಹಲ್ಲಾದಲ್ಲಿ ಪದೇ ಪದೇ ರಕ್ತ ಏರಿಸಿಕೊಳ್ಳುವ ಮಗು ಇದೆಯೇ ಎಂದು ವಿಚಾರಿಸಿ. ಇದ್ದರೆ ಆ ತಾಯಿಗೆ ಈ ಪುಟ ಓದಿ ಹೇಳಿ, ಹಳೆಯ ವರದಿಗಳನ್ನು ಒಟ್ಟುಮಾಡಲು ನೆರವಾಗಿ, ರಕ್ತರೋಗ ತಜ್ಞರ ಬಳಿಗೆ ಮೊದಲ ಸಲ ಜೊತೆಗೆ ಹೋಗಿ ಬನ್ನಿ. ಗುಣ ಕೊಡುವವನು ಅಲ್ಲಾಹನು. ಸಕಾಲದಲ್ಲಿ ಚಿಕಿತ್ಸೆಯ ಬಾಗಿಲಿಗೆ ತಲುಪಿಸುವ ಕೆಲಸ ನಮ್ಮದು.